ಗೋಣೆಪ್ಪಣ್ಣನ ಮನೆಯಲ್ಲಿ ಆರು ವಾರ

ಜನವರಿ 6, 2025, ಸೋಮವಾರ. ಬೇವೂರು

ಗಂಗಾವತಿಯಿಂದ ಬೆಳಗಿನ ಬಸ್ಸು ಹಿಡಿದು, ಕುಷ್ಟಗಿಯಲ್ಲಿ ಬದಲಿಸಿ, ಬೇವೂರಿನಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ನನ್ನ ಗೆಳತಿಯರಿಗೆಲ್ಲ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ. ನನಗೆ ಈ ಊರು, ಆರು ವಾರ.

ಫಿಸಿಯೋಥೆರಪಿ ಓದುವವರು ಕೊನೆಯ ವರ್ಷ ಹಳ್ಳಿಗೆ ಬರುವುದು ಹೊಸದಲ್ಲ. ಈ ಸಲ ಹೊಸದೇನೆಂದರೆ, ಒಬ್ಬೊಬ್ಬರಿಗೂ, ರೋಗಿಗೆ ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ ವಿಭಾಗದ ಒಬ್ಬರನ್ನು ಗಂಟು ಹಾಕಿದ್ದಾರೆ. "ಒಂದ ಮನಿಗೆ ಇಬ್ರೂ ಕೂಡಿ ಹೋಗ್ರಿ. ಒಬ್ಬರ ಕೆಲಸ ಇನ್ನೊಬ್ಬರು ನೋಡಿ ಕಲೀರಿ," ಎಂದರು ಕಾಲೇಜಿನ ಪ್ರಭುರಾಜ ಸರ್. ಶುಕ್ರವಾರಕ್ಕೊಮ್ಮೆ ಅವರು ಬಂದು ನೋಡುತ್ತಾರೆ.

ನನ್ನ ಪಾಲಿಗೆ ಬಂದವಳು ಮಹೇಶ್ವರಿ. ಕುಷ್ಟಗಿಯವಳು, ಮನೆಯವರಿಗೆ ದಾಳಿಂಬೆ ತೋಟವಿದೆಯಂತೆ. ಮಾತು ಕಡಿಮೆ. ಅವಳ ಚೀಲದಲ್ಲಿ ದಪ್ಪ ಹಿಡಿಕೆಯ ಚಮಚ, ಸ್ಪಂಜು, ಬಣ್ಣಬಣ್ಣದ ಗುಂಡಿಗಳು. ಅಂಗನವಾಡಿ ಟೀಚರ್ ಚೀಲದ ಹಾಗಿದೆ. ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ನಾಲ್ಕು ವರ್ಷ ಓದಬೇಕೆ? ಬಾಯಿಬಿಟ್ಟು ಕೇಳಲಿಲ್ಲ.

ಆಶಾ ಕಾರ್ಯಕರ್ತೆ ಹುಲಗಮ್ಮ ನಮ್ಮನ್ನು ಓಣಿಯವರಿಗೆ ಪರಿಚಯಿಸಿದ್ದು ಹೀಗೆ: "ಇವ್ರು ಕಾಲಿನ ಡಾಕ್ಟ್ರು, ಇವ್ರು ಕೈಯಿನ ಡಾಕ್ಟ್ರು." ನಾನು ತಿದ್ದಲು ಹೋದೆ. ಮಹೇಶ್ವರಿ ನಕ್ಕಳು.

ಇಬ್ಬರಿಗೂ ವಿರೂಪಾಕ್ಷಮ್ಮನವರ ಮನೆಯ ಒಂದೇ ಕೋಣೆ. ಕೇಳದೆಯೇ ಬಿಸಿನೀರು ಕಾಯಿಸಿ ಕೊಟ್ಟರು. ಈ ಚಳಿಯಲ್ಲಿ ಅದು ದೊಡ್ಡ ಉಪಕಾರ. ಇವತ್ತಿನ ದಿನದಲ್ಲಿ ನೆನೆಯಬೇಕಾದದ್ದು ಅದೊಂದೇ.

ಜನವರಿ 8, ಬುಧವಾರ

ಒಳ್ಳೆಯ ಕೇಸು ಸಿಕ್ಕಿತು. ಗಂಡಸು, ನಲವತ್ತೊಂದು ವರ್ಷ, ಬೆನ್ನುಹುರಿಗೆ ಪೆಟ್ಟು. ಹೆಸರು ಗೋಣೆಪ್ಪ, ಕುರಿ ಕಾಯುವವರು. ಹದಿನಾಲ್ಕು ತಿಂಗಳ ಹಿಂದೆ ಆಡಿಗೆ ಸೊಪ್ಪು ಕಡಿಯಲು ಬಸರಿ ಮರ ಹತ್ತಿ ಕೆಳಗೆ ಬಿದ್ದರಂತೆ. ಬೆನ್ನಿಗೆ ರಾಡು ಹಾಕಿ ಆಪರೇಷನ್ ಆಗಿದೆ. ತೊಡೆಯಲ್ಲಿ ಸ್ವಲ್ಪ ಶಕ್ತಿ ಉಳಿದಿದೆ, ಮೊಣಕಾಲಿನ ಕೆಳಗೆ ಮುಟ್ಟಿದರೂ ತಿಳಿಯುವುದಿಲ್ಲ. ತೋಳು ಮಾತ್ರ ಗಟ್ಟಿ. ಕೈ ಬಿಟ್ಟರೆ ಕುಳಿತಲ್ಲೇ ವಾಲುತ್ತಾರೆ. ಅಳತೆಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ, ಎರಡೂ ಕಾಲಿನವು, ಡಿಗ್ರಿ ಸಮೇತ.

ಹೊರಡುವಾಗ ಕೇಳಿದರು, "ನಡೀತೀನೇನ್ರಿ ಮೇಡಮ್ಮಾರ?"

"ಯಾಕ ನಡಿಯೂದಿಲ್ಲರಿ ಅಣ್ಣಾರ? ಆರು ವಾರದಾಗ ಈ ಅಂಗಳದಾಗ ನಡಸ್ತೀನಿ ನೋಡ್ರಿ," ಎಂದೆ.

ಅವರ ಹೆಂಡತಿ ಮಾಳವ್ವ ನನಗೆ ಕೈ ಮುಗಿದರು.

ಮಹೇಶ್ವರಿ ಏನು ಮಾಡಿದಳು? ಮುಂಜಾನೆ ಎದ್ದು ಮೊದಲು ಏನು ಮಾಡುತ್ತೀರಿ, ಆಮೇಲೆ ಏನು, ಆಮೇಲೆ ಏನು, ಎಂದು ಅರ್ಧ ತಾಸು ಕೇಳಿದಳು. "ಏನ್ ಮಾಡ್ಲಿರಿ? ಆಕಿ ಕೂಡ್ರಿಸಿದ್ರ ಕೂಡ್ತೀನಿ, ಮಲಗಿಸಿದ್ರ ಮಲಗ್ತೀನಿ," ಎಂದರು ಅವರು. ನಾನು ಗಡಿಯಾರ ನೋಡುತ್ತ ಕುಳಿತಿದ್ದೆ.

ದಾರಿಯಲ್ಲಿ ಹೇಳಿದಳು, "ಶಿವಲೀಲಾ, ನೀ ಹಂಗ ಮಾತು ಕೊಡಬಾರದಿತ್ತು."

"ರೋಗಿಗೆ ಧೈರ್ಯ ಹೇಳೂದೂ ತಪ್ಪೇನು?"

"ಧೈರ್ಯ ಬ್ಯಾರೆ, ಮಾತು ಕೊಡೂದು ಬ್ಯಾರೆ."

ಮನೆ ಬರುವವರೆಗೂ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ನಿಂತರು! ನನ್ನ ರೋಗಿ ನಿಂತರು!

ಬಡಿಗೇರ ನೂರಸಾಬ ಅಂಗಳದಲ್ಲಿ ಎರಡು ಬಿದಿರನ್ನು ಎದೆಮಟ್ಟಕ್ಕೆ ಕಟ್ಟಿಕೊಟ್ಟಿದ್ದರು. ಮೊಣಕಾಲು ಮಡಚದಂತೆ ಕಾಲೇಜಿನಿಂದ ತಂದ ಪಟ್ಟಿ ಹಾಕಿದೆ. ಪಾದ ಜೋಲುತ್ತಿತ್ತು; ಹಿಂದೊಂದು ಹಲಗೆ ತುಂಡು ಕೊಟ್ಟು ಬಟ್ಟೆ ಸುತ್ತಿ ಬಿಗಿದೆ. ಮಹೇಶ್ವರಿ ಸೊಂಟ ಹಿಡಿದಳು, ನಾನು ಎದುರಿಗೆ. ಗೋಣೆಪ್ಪ ಬಿದಿರು ಹಿಡಿದು ಹಲ್ಲು ಕಚ್ಚಿ ಎದ್ದೇ ಬಿಟ್ಟರು. ಇಪ್ಪತ್ತೆರಡು ಸೆಕೆಂಡು. ನೆರೆಹೊರೆಯವರು ಚಪ್ಪಾಳೆ ತಟ್ಟಿದರು. ಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡರು. ವಿಡಿಯೋ ಮಾಡಿ ಸರ್‌ಗೆ ಕಳಿಸಿದೆ. ಗೆಳತಿಯರ ಗುಂಪಿಗೂ ಹಾಕಿದೆ.

ಬಿಚ್ಚುವಾಗ ಮಹೇಶ್ವರಿ, "ಹಿಮ್ಮಡಿ ಒಂದ್ಸಲ ನೋಡೂಣು, ಅವ್ರಿಗೆ ನೋವಾದ್ರ ತಿಳಿಯೂದಿಲ್ಲ," ಎಂದಳು. "ನಾ ನೋಡೀನಿ ಬಿಡು," ಎಂದೆ. ಮೇಲಿಂದ ನೋಡಿದ್ದೆ.

ವಿರೂಪಾಕ್ಷಮ್ಮನವರು ಶೇಂಗಾ ಹೋಳಿಗೆ ಬಡಿಸಿದರು. ನಾಲ್ಕು ತಿಂದೆ. ಮಠದ ಗವಿಸಿದ್ಧಪ್ಪಜ್ಜನಿಗೆ ಸಾವಿರ ಶರಣು.

ಜನವರಿ 16, ಗುರುವಾರ

ನಲವತ್ತು ಸೆಕೆಂಡು. ಪಾದ ಇನ್ನೂ ನೆಟ್ಟಗೆ ನಿಲ್ಲುತ್ತಿಲ್ಲ. ಕಟ್ಟು ಸಂಜೆಯ ತನಕ ಇರಲಿ ಎಂದು ಹೇಳಿ ಬಂದೆ. ನಾಳೆ ಸರ್ ಬರುತ್ತಾರೆ. ಒಂದು ನಿಮಿಷ ನಿಲ್ಲಿಸಿ ತೋರಿಸಬೇಕು.

ಜನವರಿ 17, ಶುಕ್ರವಾರ

ಮಹೇಶ್ವರಿ ಮುಂಜಾನೆ ನನಗಿಂತ ಮೊದಲು ಹೋಗಿದ್ದಳು, ಗೋಣೆಪ್ಪ ಕುಳಿತು ಸ್ನಾನ ಮಾಡಲು ಒಂದು ಮಣೆಯ ವ್ಯವಸ್ಥೆ ಮಾಡಲು. ಫೋನು ಬಂತು. "ಲಗೂನ ಬಾ," ಅಂದಳು, ಅಷ್ಟೇ.

ಕಟ್ಟು ರಾತ್ರಿಯೆಲ್ಲ ಹಾಗೆಯೇ ಇತ್ತು. ಬಲಗಾಲಿನ ಹಿಮ್ಮಡಿಯ ಚರ್ಮ ಬಟ್ಟೆಗೆ ಅಂಟಿಕೊಂಡಿತ್ತು. ನಿಂಬೆಹಣ್ಣಿನಷ್ಟು ಅಗಲ, ನಡುವೆ ಕಪ್ಪು, ಸುತ್ತ ಕೆಂಪು. ಗೋಣೆಪ್ಪ ನಮ್ಮ ಮುಖ ನೋಡಿ, "ಏನಾಗೇತ್ರಿ? ನನಗೇನೂ ನೋವಿಲ್ಲಲ್ಲ," ಎಂದರು.

"ಸಂಜೀಕ ಯಾಕ ಬಿಚ್ಚಲಿಲ್ಲ ಅವ್ವಾ?" ಎಂದು ಮಾಳವ್ವನನ್ನು ಕೇಳಿದೆ. ನನ್ನ ದನಿ ಏರಿತ್ತು.

"ಡಾಕ್ಟ್ರು ಕಟ್ಟಿದ್ದು, ನಾ ಹ್ಯಾಂಗ ಬಿಚ್ಚಲಿ ಯವ್ವಾ? ನೀವ ಬಂದು ಬಿಚ್ತೀರಿ ಅಂತ ದಾರಿ ನೋಡಿದ್ವಿ. ದೀಪ ಹಚ್ಚೂತನಕ ನೋಡಿದ್ವಿ."

ಸಂಜೆಯವರೆಗೆ ಇರಲಿ ಎಂದಿದ್ದೆ. ಯಾರು ಬಿಚ್ಚಬೇಕೆಂದು ಹೇಳಿರಲಿಲ್ಲ.

ಸರ್ ಬಂದರು. ಗಾಯ ನೋಡಿ, ನಮ್ಮನ್ನು ಹೊರಗೆ ಕರೆದರು. "ಕಟ್ಟಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮಹೇಶ್ವರಿ, "ನಾವು ಕಟ್ಟಿದ್ವಿ ಸರ್," ಎಂದಳು.

"ಇಲ್ಲ ಸರ್, ನಾ ಕಟ್ಟಿದ್ದು. ಆಕಿ ನೋಡೂಣು ಅಂದಿದ್ಲು, ನಾ ನೋಡಗೊಡಲಿಲ್ಲ."

"ನಾನೂ ಗಟ್ಟಿ ಹಿಡಿದು ಕೇಳಲಿಲ್ಲ ಸರ್. ಹಬ್ಬದ ದಿನ ಜಗಳ ಬ್ಯಾಡ ಅಂತ ಸುಮ್ನಾದೆ," ಎಂದಳು ಅವಳು.

ಸರ್ ಚೀಲದಿಂದ ಕೈಗವಸು ತೆಗೆದು ಇಬ್ಬರಿಗೂ ಕೊಟ್ಟರು. "ಇಬ್ರೂ ಖರೆ ಹೇಳಿದ್ರಿ. ಈಗ ಒಳಗ ಹೋಗಿ ಗಾಯ ತೊಳೀರಿ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಜನವರಿ 18, ಶನಿವಾರ

ಜ್ವರ, ನೂರಾ ಮೂರು. ಯಲಬುರ್ಗಾ ಆಸ್ಪತ್ರೆಗೆ ಕರೆದೊಯ್ದೆವು. ಆಂಬುಲೆನ್ಸ್‌ನಲ್ಲಿ ಮಾಳವ್ವ ಇಡೀ ದಾರಿ ಅವರ ತಲೆ ತೊಡೆಯ ಮೇಲಿಟ್ಟುಕೊಂಡಿದ್ದರು. ವೈದ್ಯರು ಸತ್ತ ಚರ್ಮ ಕತ್ತರಿಸಿ ತೆಗೆದರು. "ಇನ್ನೊಂದೆರಡು ದಿನ ತಡಾ ಆಗಿದ್ರ ಎಲುಬಿಗೆ ಇಳೀತಿತ್ತು. ಆಮ್ಯಾಲ ಕಾಲ ಉಳಿಸೂದು ಕಷ್ಟಾಗ್ತಿತ್ತು."

ಊಟ ಸೇರಲಿಲ್ಲ.

ಜನವರಿ 19, ಭಾನುವಾರ

ಜ್ವರ ಇದೆ.

ವಿಡಿಯೋ ಅಳಿಸಿದೆ.

ಜನವರಿ 20, ಸೋಮವಾರ

ಜ್ವರ ಇಳಿದಿದೆ. ಇಳಿದಿದೆ. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಮಹೇಶ್ವರಿ ಕಾಗದದಲ್ಲಿ ಸುತ್ತಿದ ಮಂಡಾಳ ಒಗ್ಗರಣೆ ತಂದು ಮುಂದಿಟ್ಟಳು, ಜೊತೆಗೆ ಎರಡು ಮಿರ್ಚಿ. ಮೂರು ದಿನದ ಹಸಿವಿನಿಂದ ತಿಂದೆ. ಅವಳ ಪಾಲಿನ ಮಿರ್ಚಿಯನ್ನೂ ತಿಂದೆ.

"ನೀ ಯಾಕ 'ನಾವು' ಅಂದಿ?" ಎಂದು ಕೇಳಿದೆ.

"ಇಬ್ರನ್ನೂ ಕೂಡೇ ಕಳಿಸ್ಯಾರಲ್ಲ," ಎಂದಳು.

ಇಂಥ ಜೊತೆ ಸಿಕ್ಕಿದ್ದಕ್ಕೆ ಯಾರಿಗೆ ಋಣಿಯಾಗಿರಬೇಕೋ ತಿಳಿಯದು. ಎರಡು ವಾರದಿಂದ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೇವೆ. ಅವಳ ಅಣ್ಣನಿಗೆ ಹುಟ್ಟಿನಿಂದ ಒಂದು ಕೈ ಸ್ವಾಧೀನವಿಲ್ಲವೆಂದು ಇವತ್ತು ತಿಳಿಯಿತು. ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡ ದಿನ ಅವನು ಮನೆಯಿಂದ ಮನೆಗೆ ಹೋಗಿ ತೋರಿಸಿ ಬಂದನಂತೆ. ಆಗ ಅವನಿಗೆ ಹತ್ತೊಂಬತ್ತು ವರ್ಷ.

ಜನವರಿ 22, ಬುಧವಾರ

ಮನೆಗೆ ಕರೆತಂದೆವು. ಸರ್, "ಅವ್ರಿಗೆ ಹೇಳೂದು ನಿನ್ನ ಕೆಲಸ," ಎಂದಿದ್ದರು. ಮಂಚದ ಪಕ್ಕ ನೆಲದ ಮೇಲೆ ಕುಳಿತೆ. ಮಾಳವ್ವ ಬಾಗಿಲಿಗೆ ಒರಗಿ ನಿಂತಿದ್ದರು.

"ಅಣ್ಣಾರ, ನಿಮ್ಮ ಗಾಯ ನಾ ಕಟ್ಟಿದ್ದರಿಂದ ಆತು. ಮತ್ತ, ನಡಸ್ತೀನಿ ಅಂತ ಹೇಳಿದ್ನಲ್ಲ, ಅದೂ ತಪ್ಪು. ಮೊದಲಿನಂಗ ನಡಿಯೂದು ಆಗಲಿಕ್ಕಿಲ್ಲರಿ."

ಅವರು ಕಂಬಳಿಯ ಅಂಚನ್ನು ಬೆರಳಲ್ಲಿ ತಿರುವುತ್ತಿದ್ದರು. "ಗೊತ್ತೈತ್ರಿ."

"ಏನ್ರಿ?"

"ನಡಿಯೂದಿಲ್ಲ ಅಂತ. ಆಪರೇಷನ್ ಮಾಡಿದ ಡಾಕ್ಟ್ರು ಆವಾಗ ಬಿಡಿಸಿ ಹೇಳ್ಯಾರ."

"ಮತ್ತ ಅಷ್ಟು ತ್ರಾಸ ಪಟ್ಟು ಯಾಕ ನಿಂತ್ರಿ?"

ಅವರು ಹೆಂಡತಿಯ ಕಡೆ ನೋಡಿ ಸಣ್ಣಗೆ ನಕ್ಕರು. "ನೀವು ಭಾಳ ಆಸೆಲೆ ಬರತಿದ್ರಿ. ನಾ ನಿಂತ ದಿನ ನಿಮ್ಮ ಮಾರಿ ನೋಡಿದ್ನಿ. ಸಣ್ಣ ಹುಡುಗಿ, ಅಷ್ಟು ದೂರದಿಂದ ಬಂದೈತಿ, ಯಾಕ ಮನಸ ಮುರಿಯೂದು ಅನ್ನಿಸ್ತು."

ನಾನು ಅವರಿಗೆ ಧೈರ್ಯ ತುಂಬುತ್ತಿದ್ದೇನೆಂದು ತಿಳಿದಿದ್ದೆ.

ಮಹೇಶ್ವರಿಯ ಕಡೆ ನೋಡಿದೆ, ಮುಂದಿನದನ್ನು ಅವಳು ಕೇಳಲಿ ಎಂದು. ಅವಳು ಗೋಡೆ ನೋಡುತ್ತಿದ್ದಳು. ನಾನೇ ಕೇಳಿದೆ: "ನಿಮಗ ಏನ್ ಬೇಕ್ರಿ ಅಣ್ಣಾರ?"

ಅವರು ಕಂಬಳಿಯ ಅಂಚು ಬಿಟ್ಟು ನನ್ನ ಕಡೆ ತಿರುಗಿದರು. "ಎರಡು ಅದಾವ್ರಿ. ನನ್ನ ತಮ್ಮ ಯಮನೂರ ನಿಮ್ಮ ಗಂಗಾವತಿ ಕಡೆ ಕಾಲುವಿ ಗದ್ದ್ಯಾಗ ಕುರಿ ನಿಂದ್ರಸ್ಯಾನ. ಇನ್ನ ಹದಿನೈದು ದಿನಕ್ಕ ಉಣ್ಣಿ ಕತ್ರಸಾಕ ಊರಿಗೆ ಹೊಡಕೊಂಡು ಬರ್ತಾನ. ಒಂದ್ ಕುರಿದರ ನನ್ನ ಕೈಲೆ ಕತ್ರಸಬೇಕು."

"ಇನ್ನೊಂದು?"

"ಆಕಿ ನನ್ನ ಎತ್ತೂದು ನಿಲ್ಲಬೇಕ್ರಿ. ಆಕಿ ನಡ ನೋಡ್ರಿ ಒಂದೀಟು."

"ಏ, ನಂದೇನೈತಿ, ಸುಮ್ನಿರು," ಎಂದರು ಮಾಳವ್ವ.

ಒತ್ತಾಯಿಸಿ ಮಲಗಿಸಿ ನೋಡಿದೆ. ಬಗ್ಗಿದರೆ ಮೊಣಕಾಲಿನ ತನಕ ಕೈ ಹೋಗುವುದಿಲ್ಲ. ಎಡಗಾಲಿಗೆ ಸೆಳೆತ ಇಳಿದಿದೆ. ಎರಡು ವಾರ ಈ ಮನೆಗೆ ಬಂದಿದ್ದೇನೆ. ಇವರು ಗೋಡೆ ಹಿಡಿದು ಏಳುವುದನ್ನು ದಿನಾ ಕಂಡಿದ್ದೇನೆ. ಬೆನ್ನುನೋವು ನೋಡುವುದೇ ನನ್ನ ಓದು.

ಜನವರಿ 27, ಸೋಮವಾರ

ಬರೆಯಲು ಸಮಯವೇ ಸಿಗುತ್ತಿಲ್ಲ. ಈಗ ಒಂದೇ ಪುಸ್ತಕ. ಎಡಪುಟದಲ್ಲಿ ನಾನು ಬರೆಯುತ್ತೇನೆ, ಬಲಪುಟದಲ್ಲಿ ಮಹೇಶ್ವರಿ.

ಸರ್ಕಾರದಿಂದ ಬಂದ ಗಾಲಿಕುರ್ಚಿ ಮೂಲೆಯಲ್ಲಿ ಬಟ್ಟೆ ಒಣಗಿಸಲು ಉಪಯೋಗವಾಗುತ್ತಿತ್ತು. ಮಂಚ ಅದಕ್ಕಿಂತ ಎತ್ತರ, ಹೊಸ್ತಿಲು ದಾಟುವುದಿಲ್ಲ, ಆದ್ದರಿಂದ. ಮಹೇಶ್ವರಿ ಗೇಣು ಹಾಕಿ ಅಳೆದು, "ಮಂಚದ ಕಾಲು ನಾಲ್ಕು ಬೆರಳು ಕೊಯ್ಯೂಣು," ಎಂದಳು. ನೂರಸಾಬ ಕೊಯ್ದರು. ಕುರ್ಚಿಗೂ ಮಂಚಕ್ಕೂ ಸೇತುವೆಯಂತೆ ನುಣ್ಣಗಿನ ಬೇವಿನ ಹಲಗೆಯನ್ನೂ ಮಾಡಿಕೊಟ್ಟರು. ಹೊಸ್ತಿಲಿಗೆ ಎರಡೂ ಕಡೆ ಹುಲಗಮ್ಮ ನಾಲ್ಕು ಮಂದಿಯನ್ನು ಕರೆತಂದು ಮಣ್ಣಿನ ಇಳಿಜಾರು ಹಾಕಿಸಿದಳು. ಮಾಳವ್ವ ಸಗಣಿ ಸಾರಿಸಿದರು, ನಡು ಬಗ್ಗಿಸದೆ, ಮೊಣಕಾಲೂರಿ. ಅದು ನಾನು ಕಲಿಸಿದ ಹಾಗೆ.

ಹಲಗೆಯ ಮೇಲೆ ಜಾರುವುದಕ್ಕೆ ತೋಳಿನ ಶಕ್ತಿ ಸಾಲದು, ಮೈ ಮುಂದೆ ಬಾಗಬೇಕು. ಬಾಗಿದರೆ ಬೀಳುತ್ತೇನೆಂಬ ಭಯ ಅವರಿಗೆ. ಅದು ನನ್ನ ಪಾಲಿನ ಕೆಲಸ. ಚೆಂಡು ಹಿಡಿಯುವುದು, ಕೋಲು ಎತ್ತುವುದು, ಎಲ್ಲ ಮಾಡಿಸಿದೆ; ಬೇಸರದಿಂದ ಮಾಡಿದರು. ಆಗ ಮಹೇಶ್ವರಿ ಒಂದು ಗೋಣಿಚೀಲಕ್ಕೆ ಹೊಟ್ಟು ತುಂಬಿ, ನಾಲ್ಕು ಕಾಲು ಹೊಲಿದು, ಮೇಲೆ ಹರಕು ಕಂಬಳಿ ಸುತ್ತಿ ತಂದಳು.

"ಇದೇನ್ರಿ?"

"ಕುರಿ ರಿ ಅಣ್ಣಾರ."

ಗೋಣೆಪ್ಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕೈ ಬಿಟ್ಟರು, ಬೀಳಲಿಲ್ಲ. ಎಷ್ಟು ಸೆಕೆಂಡೆಂದು ನೋಡುವುದು ಮರೆತೇ ಹೋಯಿತು.

ಜನವರಿ 31, ಶುಕ್ರವಾರ

ಇವತ್ತು ಮಂಚದಿಂದ ಕುರ್ಚಿಗೆ ತಾವೇ ದಾಟಿದರು. ಮಾಳವ್ವ ಎತ್ತಲು ಓಡಿಬಂದರು, ಅಭ್ಯಾಸಬಲ. "ದೂರ ನಿಂದರು," ಎಂದರು ಇವರು. ಅವರು ದೂರ ನಿಂತರು, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡು.

ಸರ್ ಒಂದು ಹೊಸ ಶಿಕ್ಷೆ ಕೊಟ್ಟರು. ಇವರ ಕೇಸನ್ನು ಆಕ್ಯುಪೇಷನಲ್ ಥೆರಪಿಯವಳಾಗಿ ನಾನು ಹೇಳಬೇಕು, ಫಿಸಿಯೋ ಆಗಿ ಮಹೇಶ್ವರಿ. ನಾನು ಮುಂಜಾನೆ ಏಳುವುದರಿಂದ ಶುರು ಮಾಡಿದೆ, ನಿಲ್ಲಿಸಲು ಆಗಲಿಲ್ಲ. ಸರ್ ಎರಡು ಸಲ ಗಡಿಯಾರ ನೋಡಿದರು.

ಗಾಯದಲ್ಲಿ ಹೊಸ ಚರ್ಮ ಬರುತ್ತಿದೆ, ತಿಳಿ ಗುಲಾಬಿ. ಅಷ್ಟು ಚೆಂದದ ಬಣ್ಣವನ್ನು ನಾನು ನೋಡಿರಲಿಲ್ಲ.

ಫೆಬ್ರವರಿ 6, ಗುರುವಾರ

ನಿನ್ನೆ ಕುರಿ ಬಂದವು. ಇವತ್ತು ಉಣ್ಣೆ ಕತ್ತರಿಸುವ ದಿನ.

ಯಮನೂರ ಅಣ್ಣನನ್ನು ನೋಡಿ ಏನೂ ಮಾತಾಡಲಿಲ್ಲ. ಅಣ್ಣ ಬಿದ್ದ ದಿನ ಮರ ಹತ್ತಬೇಕಾಗಿದ್ದವನು ಇವನಂತೆ. ಅವತ್ತು ಸೋಮಾರಿತನ ಮಾಡಿ ಮಲಗಿದ್ದನಂತೆ. ಮಾಳವ್ವ ಹೇಳಿದರು. ಅದಕ್ಕೇ ಊರಿನಲ್ಲಿ ನಿಲ್ಲದೆ ಕುರಿಯ ಹಿಂದೆ ತಿರುಗುತ್ತಾನಂತೆ.

ಅಂಗಳದಲ್ಲಿ ಕಂಬದ ಬುಡಕ್ಕೆ ಜಾಗ ಮಾಡಿದ್ದೆವು. ಕೆಳಗೆ ಲಾರಿ ಟ್ಯೂಬು, ಮೇಲೆ ಮಡಿಸಿದ ಕಂಬಳಿ, ಹಿಮ್ಮಡಿ ನೆಲಕ್ಕೆ ತಾಗದಂತೆ ಅರಳೆಯ ಸುರುಳಿ. ಗೋಣೆಪ್ಪಣ್ಣ ಕುರ್ಚಿಯಿಂದ ಮಣೆಗೆ, ಮಣೆಯಿಂದ ನೆಲಕ್ಕೆ ಇಳಿದರು. ಯಮನೂರ ಕುರಿಯ ಕಾಲು ಕಟ್ಟಿ ಮುಂದೆ ಕೆಡವಿದ. ಕತ್ತರಿ ಕರ್ ಕರ್ ಎಂದಿತು. ಹೊಟ್ಟಿನ ಕುರಿ ಸುಮ್ಮನಿರುತ್ತಿತ್ತು, ಇದು ಒದೆಯಿತು. ಕಟ್ಟು ಸಡಿಲಾಗಿ, ಅರ್ಧ ಮೈ ಬೋಳು ಅರ್ಧ ಮೈ ಉಣ್ಣೆಯ ಕುರಿ ಎದ್ದು ಓಣಿಯ ತುಂಬ ಓಡಿತು. ಗೋಣೆಪ್ಪಣ್ಣ ಒಂದು ಕಡೆ ವಾಲಿದರು. ನಾನು ಹಿಡಿಯಲು ಹೋದೆ. ಮಹೇಶ್ವರಿ ನನ್ನ ಕೈ ಹಿಡಿದಳು. ಅವರು ಮೊಣಕೈ ಊರಿ, ಉಸಿರು ಬಿಗಿಹಿಡಿದು, ತಾವೇ ನೆಟ್ಟಗಾದರು.

ಯಮನೂರ ಓಡಿಹೋಗಿ ಕುರಿಯನ್ನು ಬೈಯುತ್ತ ಹೆಗಲ ಮೇಲೆ ಹೊತ್ತು ತಂದ. ತಾನೇ ಮುಗಿಸುತ್ತಾನೆ ಎಂದುಕೊಂಡೆ. ಅಣ್ಣನ ಮುಂದೆ ಮತ್ತೆ ಕೆಡವಿ ಹೇಳಿದ, "ಹಿಡ್ಕೊ. ಅರ್ಧಾ ಬಿಟ್ರ ಊರ ಮಂದಿ ನಗ್ತಾರ."

"ನೀ ಗಂಟು ಸಡಿಲ ಹಾಕಿ, ಕುರಿಗೇನ್ ಬೈತಿ?" ಎಂದರು ಇವರು.

ಹದಿನಾಲ್ಕು ತಿಂಗಳ ಮೇಲೆ ಅಣ್ಣತಮ್ಮ ಆಡಿದ ಮೊದಲ ಮಾತಂತೆ ಅದು. ಮಾಳವ್ವ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಂಜೆಗೆ ಯಮನೂರನದು ಹದಿನೆಂಟು ಕುರಿ, ಗೋಣೆಪ್ಪಣ್ಣನದು ನಾಲ್ಕು, ನನ್ನದು ಒಂದರ ಕಾಲುಭಾಗ. "ಚರ್ಮ ಎಳದು ಹಿಡೀರಿ ಮೇಡಮ್ಮಾರ, ಇಲ್ಲಂದ್ರ ಗಾಯ ಮಾಡ್ತೀರಿ," ಎಂದು ನನಗೆ ಕಲಿಸಿದರು. ನಡುನಡುವೆ ಕೆಲಸ ನಿಲ್ಲಿಸಿ ಅವರೇ ಕೂಗುತ್ತಿದ್ದರು, "ತಾಸಾತು, ಹಿಮ್ಮಡಿ ನೋಡ್ರಿ ಒಬ್ರು!"

ಮೈಯೆಲ್ಲ ಕುರಿಯ ವಾಸನೆ. ವಿರೂಪಾಕ್ಷಮ್ಮನವರು ಮೂಗು ಮುಚ್ಚಿಕೊಂಡೇ ನೀರು ಕಾಯಿಸಿಕೊಟ್ಟರು. ಅವರಿಗೂ, ಯಮನೂರನಿಗೂ, ನೂರಸಾಬರಿಗೂ, ಓಡಿಹೋದ ಆ ಕುರಿಗೂ ಶರಣು.

ಫೆಬ್ರವರಿ 14, ಶುಕ್ರವಾರ

ನಾಳೆ ಹೊರಡುವುದು. ಮುಂದಿನ ತಿಂಗಳು ಬರುವ ಜೋಡಿಗಾಗಿ ಪುಸ್ತಕ ಬರೆದು ಮುಗಿಸಿದೆವು. ಮೊದಲ ಪುಟದಲ್ಲಿ ಏನು ಬರೆಯಬೇಕೆಂದು ವಾದವಾಯಿತು. ಕೊನೆಗೆ ಇಷ್ಟು ಬರೆದೆವು: "ಏನು ಕಟ್ಟಿದರೂ ಯಾರು, ಯಾವಾಗ ಬಿಚ್ಚಬೇಕೆಂದು ಹೇಳಿ ಬನ್ನಿ. ಮಾಳವ್ವನವರ ನಡುವನ್ನು ಮೊದಲು ನೋಡಿ."

ಮಧ್ಯಾಹ್ನ ಹೇಳಿಹೋಗಲು ಹೋದೆವು. ಗೋಣೆಪ್ಪಣ್ಣ ಒಬ್ಬರೇ ಇದ್ದರು, ಕುರ್ಚಿಯ ಮೇಲೆ, ಬಾಗಿಲ ಬಳಿ.

"ಅವ್ವಾರ ಎಲ್ಲಿ?"

"ತವರಮನಿಗೆ ಹೋಗ್ಯಾಳ್ರಿ, ಹುಲಿಹೈದರಕ್ಕ. ನಾಳೆ ಸಂಜೀಕ ಬರ್ತಾಳ. ನಾ ಬಿದ್ದ ಮ್ಯಾಲ ಒಂದ್ಸಲಾನೂ ಹೋಗಿದ್ದಿಲ್ಲ. ಬಸ್ ಹತ್ತೂತನಕ ಹೊಳ್ಳಿ ಹೊಳ್ಳಿ ನೋಡಿದ್ಲಂತ, ಯಮನೂರ ಹೇಳಿದ."

ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದರು. ಕುರ್ಚಿಯನ್ನು ತಾವೇ ತಳ್ಳಿಕೊಂಡು ಹೋಗಿ, ಮಾಳವ್ವ ಮಾಡಿಟ್ಟಿದ್ದ ಸಜ್ಜೆ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಇನ್ನೊಂದು ಸುತ್ತಿಗೆ ಹೆಸರುಕಾಳು ಪಲ್ಯ, ಗಡಿಗೆಯ ಮೊಸರು. ನನ್ನ ಕೈ ಸಹಾಯಕ್ಕೆ ಏಳುತ್ತಿತ್ತು, ತಡೆದುಕೊಂಡೆ. ಬಡಿಸುವಾಗ ಪಲ್ಯ ಸ್ವಲ್ಪ ಚೆಲ್ಲಿತು. ಯಾರೂ ಅದರ ಕಡೆ ನೋಡಲಿಲ್ಲ.

ಎರಡನೆಯ ರೊಟ್ಟಿ ಮುರಿಯುವಾಗ ಅವರ ಫೋನು ರಿಂಗಾಯಿತು. ಆ ಕಡೆಯಿಂದ ಮಾಳವ್ವನ ದನಿ ನಮಗೂ ಕೇಳುತ್ತಿತ್ತು: ಉಂಡೆಯಾ, ನೀರು ಹತ್ತಿರ ಐತಾ, ಕಾಲು ನೋಡಿಕೊಂಡೆಯಾ, ನಾನು ಇವತ್ತೇ ಬಸ್ ಹಿಡಿದು ಬರಲಾ?

ಗೋಣೆಪ್ಪಣ್ಣ ಹುಬ್ಬು ಗಂಟಿಕ್ಕಿದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೊಸರಿನ ಸೌಟು.

"ಏ ಇಡು ಫೋನು. ಮನಿಗೆ ಮಂದಿ ಬಂದಾರ, ಊಟಕ್ಕ ಬಡಸಾಕತ್ತೀನಿ. ನನಗ ಈಗ ಪುರುಸೊತ್ತಿಲ್ಲ."